ಮೂರು ಇಂಚು

"ದೊಡ್ಡಪ್ಪ, ನಿಮ್ಮ ಡ್ರಾಯಿಂಗ್ ತಪ್ಪಿದೆ" ಅಂದಳು.

ನನ್ನ ತಮ್ಮನ ಮಗಳು. ಆರ್ಕಿಟೆಕ್ಚರ್ ಓದುತ್ತಿದ್ದಾಳೆ, ನಾಲ್ಕನೇ ವರ್ಷ. ಹಳೆಯ ಕಟ್ಟಡವೊಂದನ್ನು ಅಳೆದು ನಕ್ಷೆ ಬರೆಯುವ ಕೆಲಸ ಅವಳ ಗುಂಪಿಗೆ ಬಂದಿದೆ. ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಟ್ಟಡ, ಒಳಗೆ ಲೈಬ್ರರಿ. ಹೆಸರು ಹೇಳಿದರೆ ಮೈಸೂರಿನವರಿಗೆ ತಕ್ಷಣ ಗೊತ್ತಾಗುತ್ತದೆ, ಅದಕ್ಕೇ ಹೇಳುವುದಿಲ್ಲ. ಅಳೆಯಲು ಹೋದ ಮಕ್ಕಳ ಮೇಲೆ ಅಲ್ಲಿಯ ಗುಮಾಸ್ತರೊಬ್ಬರಿಗೆ ಕನಿಕರ ಬಂದು, ಬೀರುವಿನ ತಳದಿಂದ ಒಂದು ಹಳೇ ಪ್ರಿಂಟು ತೆಗೆದು ಕೊಟ್ಟಿದ್ದಾರೆ. ಅಮೋನಿಯಾ ಪ್ರಿಂಟು, ಅಂದರೆ ಟ್ರೇಸಿಂಗ್ ಪೇಪರಿನ ಮೂಲಕ ಬೆಳಕು ಹಾಯಿಸಿ ತೆಗೆಯುವ ನಕಲು. ಮಡಿಕೆ ಮಡಿಕೆಯಲ್ಲೂ ಹರಿದು, ನೀಲಿ ಗೆರೆ ಮಾಸಿ ಬೂದಿ ಬಣ್ಣಕ್ಕೆ ತಿರುಗಿದೆಯಂತೆ. ಬಲಗಡೆ ಕೆಳಮೂಲೆಯ ಚೌಕದಲ್ಲಿ 1994 ಅಂತ ಇಸವಿ, ಬರೆದವರು ಎನ್ನುವ ಜಾಗದಲ್ಲಿ ನನ್ನ ಇನಿಷಿಯಲ್ಲು. ಮೊದಲು ಫೋಟೋ ತೆಗೆದು ಕಳಿಸಿದಳು, ಜೊತೆಗೊಂದು ನಗುವ ಮುಖ. ಮನೆಯವಳಿಗೆ ತೋರಿಸಿ ಒಂದು ಸಂಜೆ ಪೂರ್ತಿ ಹಿಗ್ಗಿದೆ. ಮಾರನೇ ದಿನ ಈ ಫೋನು.

"ಓದುವ ಹಾಲಿನ ಡಯಾಗನಲ್ ಒಂದು ಕಡೆಯಿಂದ 21.71 ಮೀಟರ್ ಬರ್ತಿದೆ, ಇನ್ನೊಂದು ಕಡೆಯಿಂದ 21.59. ನಿಮ್ಮದರಲ್ಲಿ ನಾಲ್ಕೂ ಮೂಲೆ ಪಕ್ಕಾ ತೊಂಬತ್ತು ಡಿಗ್ರಿ ಇದೆ." ಮಕ್ಕಳ ಕೈಯಲ್ಲಿ ಲೇಸರ್ ಮೀಟರ್ ಇದೆ. ಗೋಡೆಗೆ ಒತ್ತಿಟ್ಟು ಗುಂಡಿ ಒತ್ತಿದರೆ ಎದುರು ಗೋಡೆಯ ಮೇಲೆ ಕುಂಕುಮದ ಬೊಟ್ಟಿನ ಹಾಗೆ ಕೆಂಪು ಚುಕ್ಕಿ ಬೀಳುತ್ತದೆ, ಅಳತೆ ಪರದೆಯ ಮೇಲೆ ಬರುತ್ತದೆ. "ಬ್ಯಾಟರಿ ಸರಿಯಾಗಿದೆಯಾ ನೋಡು ಪುಟ್ಟಿ" ಅಂದುಬಿಟ್ಟೆ. ಅಂದ ಮೇಲೆ ನನಗೇ ಒಂಥರಾ ಆಯಿತು. ಯಾಕೆಂದರೆ ಬ್ಯಾಟರಿಯೂ ಸರಿಯಾಗಿತ್ತು, ಅವಳ ಅಳತೆಯೂ ಸರಿಯಾಗಿತ್ತು. ಅದು ನನಗೆ ಮೂವತ್ತು ವರ್ಷದಿಂದ ಗೊತ್ತು.

ಎಂಟಡಿಗೆ ಒಂದಿಂಚು

ಆಗ ನಾನು ಸರಸ್ವತಿಪುರಂನ ಸಿವಿಲ್ ಎಂಜಿನಿಯರೊಬ್ಬರ ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್, ನಕ್ಷೆ ಬರೆಯುವವನು. ಮನೆಯ ಮುಂದಿನ ಕಾರ್ ಶೆಡ್ಡಿಗೆ ಬಾಗಿಲು ಹಚ್ಚಿ ಮಾಡಿದ ಆಫೀಸು. ಎರಡು ಡ್ರಾಯಿಂಗ್ ಬೋರ್ಡು, ನೆಟ್ಟಗೆ ಗೆರೆ ಎಳೆಯುವ ಟಿ ಆಕಾರದ ಪಟ್ಟಿ ಒಂದು, ಟಿ-ಸ್ಕ್ವೇರ್, ಅದರ ಅಂಚು ಎಲ್ಲಿ ಸವೆದಿದೆ ಅಂತ ಬೆರಳಿಗೆ ಗೊತ್ತು. ನಕ್ಷೆಗೆ ಇಂಕು ಹಾಕುವ ರಾಟ್ರಿಂಗ್ ಪೆನ್ನುಗಳ ಒಂದು ಸೆಟ್ಟು. 0.2 ಮಿಲಿಮೀಟರ್ ಗೆರೆಯ ಪೆನ್ನು ದಿನಕ್ಕೊಂದು ಸಲ ಕಟ್ಟಿಕೊಳ್ಳುತ್ತಿತ್ತು; ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಸೂಜಿ ಟಿಕ್ ಟಿಕ್ ಅನ್ನಬೇಕು, ಅನ್ನದಿದ್ದರೆ ಬಿಸಿನೀರು. ಟ್ರೇಸಿಂಗ್ ಪೇಪರಿನ ಮೇಲೆ ಇಂಕಿನಲ್ಲಿ ತಪ್ಪಾದರೆ ರಬ್ಬರ್ ನಡೆಯುವುದಿಲ್ಲ. ಬ್ಲೇಡನ್ನು ಉದ್ದಕ್ಕೆ ಎರಡು ಮಾಡಿ, ಅರ್ಧ ಬ್ಲೇಡನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಸ್ವಲ್ಪ ಬಾಗಿಸಿ ಹಿಡಿದು ಗೆರೆಯನ್ನು ಕೆರೆಯಬೇಕು. ಜೋರು ಮಾಡಿದರೆ ಕಾಗದ ತೂತು. ಕೆರೆದ ಜಾಗ ಹತ್ತಿಯ ಹಾಗೆ ಎದ್ದಿರುತ್ತದೆ, ಅದನ್ನು ಉಗುರಿನ ಬೆನ್ನಿನಿಂದ ಉಜ್ಜಿ ಮಟ್ಟ ಮಾಡಬೇಕು. ಇಲ್ಲದಿದ್ದರೆ ಹೊಸ ಗೆರೆಯ ಇಂಕು ಹರಡಿ ಜೇಡನ ಕಾಲು ಮೂಡುತ್ತವೆ. ಇದನ್ನೆಲ್ಲ ಇಷ್ಟು ಹೇಳುತ್ತಿರುವುದಕ್ಕೆ ಕಾರಣ ಇದೆ.

ಲೈಬ್ರರಿಯ ಅಳತೆ ತೆಗೆದದ್ದು ಮೇ ರಜೆಯಲ್ಲಿ. ನಾನು, ಆಫೀಸಿನ ಹುಡುಗ, ನೂರಡಿಯ ಬಟ್ಟೆ ಟೇಪು, ತೂಗುಗುಂಡು, ಮಟ್ಟ ನೋಡಲು ನೀರು ತುಂಬಿದ ಪ್ಲಾಸ್ಟಿಕ್ ಟ್ಯೂಬು. ಹಾಲ್ ಅರವತ್ತಡಿ ಉದ್ದ, ಮೂವತ್ತೆಂಟಡಿ ಅಗಲ. ಉದ್ದ ಅಗಲ ಅಳೆದರೆ ಕೋಣೆ ಅಳೆದ ಹಾಗಾಗಲಿಲ್ಲ. ಎದುರುಬದುರು ಗೋಡೆಗಳು ಒಂದೇ ಅಳತೆ ಬಂದರೂ ಕೋಣೆ ಓರೆಯಾಗಿರಬಹುದು, ಒಂದು ಮೂಲೆ ಹಿಡಿದು ಅದುಮಿದ ಬೆಂಕಿಪೊಟ್ಟಣದ ಹಾಗೆ. ಮೂಲೆಯಿಂದ ಮೂಲೆಗೆ ಎರಡು ಡಯಾಗನಲ್ ಹಿಡಿಯಲೇಬೇಕು. ಅವೆರಡೂ ಸಮ ಇದ್ದರೆ ಮಾತ್ರ ಮೂಲೆಮಟ್ಟ. ನೆಲದ ಮೇಲೆ ಟೇಪು ಹಾಸಲು ಸಾಧ್ಯವಿರಲಿಲ್ಲ, ಎಲ್ಲ ಕಡೆ ಪುಸ್ತಕದ ರ‍್ಯಾಕು. ಅಟೆಂಡರ್ ಒಬ್ಬರು ಎರಡು ಏಣಿ ತಂದುಕೊಟ್ಟರು. ನಾನು ಒಂದು ಮೂಲೆಯಲ್ಲಿ, ಹುಡುಗ ಇನ್ನೊಂದು ಮೂಲೆಯಲ್ಲಿ ಏಣಿ ಹತ್ತಿ, ರ‍್ಯಾಕುಗಳ ತಲೆಯ ಮೇಲಿಂದ ಟೇಪು ಎಳೆದೆವು. ರ‍್ಯಾಕಿನ ನೆತ್ತಿಯ ಮೇಲೆ ಯಾವ ಕಾಲದ ದೂಳೋ, ಟೇಪು ಎಳೆದಾಗ ಗೆರೆ ಬಿತ್ತು. 'ಸದ್ದು ಮಾಡಬೇಡಿ' ಎಂಬ ಬೋರ್ಡಿನ ಕೆಳಗೆ ನಾವಿಬ್ಬರೂ ಕಿರುಚಿಕೊಂಡೆವು. ಎಪ್ಪತ್ತೊಂದಡಿ ಮೂರಿಂಚು. ಇನ್ನೊಂದು ಕಡೆಯಿಂದ ಎಪ್ಪತ್ತಡಿ ಹತ್ತಿಂಚು.

ಐದಿಂಚು ವ್ಯತ್ಯಾಸ. ಮೂರು ಸಲ ಅಳೆದೆ, ಮೂರು ಸಲವೂ ಅದೇ. ಊಟದ ಹೊತ್ತಿನಲ್ಲಿ ಲೆಕ್ಕ ಹಾಕಿ ನೋಡಿದರೆ ಒಂದು ಉದ್ದನೆಯ ಗೋಡೆ ಎದುರಿನದಕ್ಕಿಂತ ಮೂರಿಂಚು ಮುಂದಕ್ಕೆ ಸರಿದಿತ್ತು, ಇಡೀ ಕೋಣೆ ಅಷ್ಟು ಓರೆ. ಕಣ್ಣಿಗೆ ಸ್ವಲ್ಪವೂ ಕಾಣುವುದಿಲ್ಲ. ಅಷ್ಟು ವರ್ಷ ಅಲ್ಲಿ ಕೂತು ಓದಿದವರಲ್ಲಿ ಒಬ್ಬರಿಗೂ ಗೊತ್ತಾಗಿರಲಿಕ್ಕಿಲ್ಲ.

ಹೊರಗಿನ ಜಗಲಿಯಲ್ಲಿ ಆಗ ಗಾರೆ ರಿಪೇರಿ ನಡೆಯುತ್ತಿತ್ತು. ಮೇಸ್ತ್ರಿ ತುಂಬಾ ವಯಸ್ಸಾದವರು, ಬಾಯಲ್ಲಿ ಎಲೆಯಡಿಕೆ. ಅವರ ಹತ್ತಿರ ಹೋಗಿ ಹೇಳಿದೆ. ಕರಣೆ ಕೆಳಗಿಡದೆ ಕೇಳಿಸಿಕೊಂಡು, ಒಂದು ಸಲ ಗೋಡೆಯ ಉದ್ದಕ್ಕೂ ಕಣ್ಣು ಹಾಯಿಸಿ, "ಪಾಯಕ್ಕೆ ನೂಲು ಹಿಡ್ದೋನು ಬಿಸ್ಲು ತಡೀದೆ ನೆರಳ್ಗೆ ಸರ್ದಿರ್ಬೇಕು ಬುಡಿ ಸ್ವಾಮಿ" ಅಂದರು. ಅಷ್ಟೇ. ಮತ್ತೆ ಗೋಡೆಗೆ ನೀರು ಎರಚಿದರು.

ಆ ಮಾತು ನನಗೆ ಹಿಡಿಸಿಬಿಟ್ಟಿತು. ಆಫೀಸಿಗೆ ಬಂದು ಕೋಣೆಯನ್ನು ಓರೆಯಾಗಿಯೇ ಬರೆದೆ. ನಮ್ಮ ಸ್ಕೇಲು ಎಂಟಡಿಗೆ ಒಂದಿಂಚು. ಆ ಲೆಕ್ಕದಲ್ಲಿ ಮೂರಿಂಚು ಅಂದರೆ ಕಾಗದದ ಮೇಲೆ ಒಂದಿಂಚಿನ ಮೂವತ್ತೆರಡನೇ ಒಂದು ಭಾಗ, ಒಂದು ಮಿಲಿಮೀಟರೂ ಇಲ್ಲ. 0.4ರ ಪೆನ್ನಿನಲ್ಲಿ ಎರಡು ಗೆರೆ ಒತ್ತಿಕೊಂಡು ಎಳೆದರೆ ಎಷ್ಟು ದಪ್ಪವೋ ಅಷ್ಟು. ಅಷ್ಟಕ್ಕೇ ಟಿ-ಸ್ಕ್ವೇರ್ ಬಿಟ್ಟು, ಬಿಂದುವಿನಿಂದ ಬಿಂದುವಿಗೆ ಕೈಯಲ್ಲೇ ಪಟ್ಟಿ ಹಿಡಿದು ಗೆರೆ ಎಳೆಯಬೇಕಾಯಿತು. ಕಂಬ, ಕಿಟಕಿ, ಬಾಗಿಲ ಚೌಕಟ್ಟು ಎಲ್ಲಕ್ಕೂ ಅದೇ ಗೋಳು. ಎರಡು ದಿನ ಹಿಡಿಯಿತು. ಮೂರನೇ ದಿನ ಸಾಹೇಬರು ಬೋರ್ಡಿನ ಹತ್ತಿರ ಬಂದು ಟಿ-ಸ್ಕ್ವೇರ್ ಹಚ್ಚಿ ನೋಡಿದರು.

"ಏನಯ್ಯಾ ಇದು, ಗೆರೆ ಓಡ್ತಾ ಇದೆ?"

ಹೇಳಿದೆ. ಅಳತೆ ಬರೆದುಕೊಂಡ ಫೀಲ್ಡ್ ಬುಕ್ ತೋರಿಸಿದೆ.

"ಐದಿಂಚಾ? ಬಟ್ಟೆ ಟೇಪು ಹಿಗ್ಗಿರುತ್ತೆ ಕಣಯ್ಯ. ನೀನು ಬೇರೆ ಏಣಿ ಮೇಲೆ ನಿಂತು ಹಿಡಿದಿದ್ದೀಯ, ಜೋತುಬಿದ್ದಿರುತ್ತೆ. ಸ್ಕ್ವೇರ್ ಮಾಡ್ಬಿಡು. ಸೋಮವಾರ ಬಿಲ್ ಕೊಡಬೇಕು."

ಟೇಪು ಹಿಗ್ಗುವುದು ನಿಜ. ಎಪ್ಪತ್ತಡಿ ದೂರಕ್ಕೆ ಎಳೆದಾಗ ನಡುವೆ ಜೋತು ಬೀಳುವುದೂ ನಿಜ. ಆದರೆ ಎರಡೂ ಕಡೆಗೆ ಎಳೆದದ್ದು ಅದೇ ಟೇಪು, ಅದೇ ಎತ್ತರದಲ್ಲಿ, ಅದೇ ಕೈಗಳು. ಹಿಗ್ಗಿದ್ದರೆ ಎರಡರಲ್ಲೂ ಹಿಗ್ಗಿರಬೇಕು. ಐದಿಂಚು ಎಲ್ಲಿಂದ ಬಂತು? ಈ ಮಾತು ಬಾಯಿಯ ತನಕ ಬಂತು, ಆಡಲಿಲ್ಲ. ಆಗ ನನಗೆ ಮದುವೆ ಗೊತ್ತಾಗಿತ್ತು, ಸಂಬಳ ಹೆಚ್ಚು ಮಾಡಿ ಎಂದು ಕೇಳಬೇಕಾಗಿತ್ತು. ಸಾಹೇಬರು ಕೆಟ್ಟವರೂ ಅಲ್ಲ. ಮದುವೆಗೆ ಬಂದು ಬೆಳ್ಳಿ ಕುಂಕುಮಭರಣಿ ಕೊಟ್ಟರು. ಅರ್ಧ ಬ್ಲೇಡು ತೆಗೆದುಕೊಂಡೆ. ಗೋಡೆಯ ಗೆರೆಗಳನ್ನು ಒಂದೊಂದಾಗಿ ಕೆರೆದೆ, ಉಗುರಿನಿಂದ ಉಜ್ಜಿದೆ, ಟಿ-ಸ್ಕ್ವೇರ್ ಹಚ್ಚಿ ನೆಟ್ಟಗೆ ಎಳೆದೆ. ಒಂದು ಗಂಟೆಯ ಕೆಲಸ ಅಷ್ಟೇ. ಎರಡು ಡಯಾಗನಲ್ಲಿನ ಅಳತೆಯನ್ನು ನಕ್ಷೆಯಲ್ಲಿ ಎಲ್ಲೂ ಬರೆಯಲಿಲ್ಲ. ಬರೆದಿದ್ದರೆ ಗುಟ್ಟು ರಟ್ಟಾಗುತ್ತಿತ್ತಲ್ಲ.

ಫೋನು ಇಡುವ ಮುಂಚೆ ಅವಳು ಇನ್ನೊಂದು ಮಾತು ಕೇಳಿದಳು. "ಪ್ರಿಂಟಿನಲ್ಲಿ ಆ ಗೋಡೆಗಳ ಪಕ್ಕದಲ್ಲಿ ಮಾತ್ರ ಮೋಡ ಕವಿದ ಹಾಗೆ ಮಬ್ಬಾಗಿದೆ. ಏನದು, ನೀರು ಬಿದ್ದಿದೆಯಾ?" ನೀರಲ್ಲ. ಟ್ರೇಸಿಂಗ್ ಪೇಪರನ್ನು ಕೆರೆದ ಕಡೆ ಬೆಳಕು ಸರಿಯಾಗಿ ಹಾಯುವುದಿಲ್ಲ, ಅಮೋನಿಯಾ ಪ್ರಿಂಟಿನಲ್ಲಿ ಅದು ಕಾಣುತ್ತದೆ. ಎಷ್ಟು ಉಜ್ಜಿದರೂ ಕಾಣುತ್ತದೆ.

ಗಾಜಿನ ಕೆಳಗಿನ ಪೋಸ್ಟ್‌ಕಾರ್ಡು

ಸಾಹೇಬರ ಮೇಜಿನ ಗಾಜಿನ ಕೆಳಗೆ ಏನೇನಿತ್ತು ಅಂತ ಈಗಲೂ ಹೇಳಬಲ್ಲೆ: ನಂಜನಗೂಡಿನ ಶ್ರೀಕಂಠೇಶ್ವರನ ಪಟ, ಸಿಮೆಂಟು ಕಂಪನಿಯ ಕ್ಯಾಲೆಂಡರಿನ ತುಂಡು, ಕಬ್ಬಿಣದ ಸರಳಿನ ತೂಕದ ಪಟ್ಟಿ, ಯಾರೋ ಸ್ನೇಹಿತರು ಐರ್ಲೆಂಡಿನಿಂದ ಕಳಿಸಿದ ಒಂದು ಪೋಸ್ಟ್‌ಕಾರ್ಡು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಲೈಬ್ರರಿಯ ಚಿತ್ರ. ಲಾಂಗ್ ರೂಮ್ ಅಂತ ಕರೆಯುತ್ತಾರೆ, ಅರವತ್ತೈದು ಮೀಟರ್ ಉದ್ದದ ಹಾಲು. ಜೇಮ್ಸ್ ಮಾಲ್ಟನ್ ಎಂಬಾತ 1793ರಲ್ಲಿ ಮಾಡಿದ ಅಚ್ಚುಚಿತ್ರ. ಪರ್ಸ್‌ಪೆಕ್ಟಿವ್ ಎಂದರೆ ಏನು ಎಂದು ನಾನು ಕಲಿತದ್ದು ಆ ಕಾರ್ಡಿನಿಂದ. ಎರಡೂ ಕಡೆಯ ಕಂಬಗಳು, ಅಮೃತಶಿಲೆಯ ತಲೆಗಳು, ನೆಲ, ಸೂರು ಎಲ್ಲವೂ ದೂರದ ಒಂದೇ ಚುಕ್ಕಿಗೆ ಹೋಗಿ ಸೇರುತ್ತವೆ. ಸಾಹೇಬರು ಊಟಕ್ಕೆ ಹೋದಾಗ ಗಾಜಿನ ಮೇಲೆ ಸೆಟ್-ಸ್ಕ್ವೇರ್ ಇಟ್ಟು ಗೆರೆಗಳನ್ನು ಹಿಂಬಾಲಿಸುತ್ತಿದ್ದೆ. ಎಲ್ಲಿಯೂ ಜಾರಿರಲಿಲ್ಲ.

ಆಮೇಲೆ ಎಷ್ಟೋ ವರ್ಷದ ಮೇಲೆ ಪತ್ರಿಕೆಯೊಂದರಲ್ಲಿ ಅದೇ ಹಾಲಿನ ಬಣ್ಣದ ಫೋಟೋ ನೋಡಿದೆ. ನೋಡಿ ಬೇಜಾರಾಯಿತು. ಫೋಟೋದಲ್ಲಿ ಸೂರು ಪೀಪಾಯಿಯನ್ನು ಸೀಳಿ ಕವುಚಿ ಹಾಕಿದ ಹಾಗೆ ಕಮಾನಾಗಿದೆ, ಕಡುಮರದ್ದು, ಮೇಲಿನ ಅಂತಸ್ತಿನಲ್ಲೂ ಪುಸ್ತಕಗಳು. ಮಾಲ್ಟನ್ನನ ಚಿತ್ರದಲ್ಲಿ ಸೂರು ಚಪ್ಪಟೆ, ಬಿಳಿ ಗಾರೆ. ಅಷ್ಟು ಚೆನ್ನಾಗಿ ಕಂಬ ಬರೆದವನು ಕಮಾನು ಬರೆಯಲಾರದೆ ಸೂರನ್ನು ಚಪ್ಪಟೆ ಮಾಡಿಬಿಟ್ಟನಲ್ಲ, ಅಲ್ಲಿಗೆ ಅವನೂ ನನ್ನ ಜಾತಿಯವನೇ ಅಂದುಕೊಂಡೆ. ಒಂದು ಬಗೆಯ ಸಮಾಧಾನವೂ ಆಯಿತು ಅನ್ನಬೇಕು. ದೊಡ್ಡವರೂ ಬ್ಲೇಡು ಹಿಡಿದಿದ್ದಾರೆ ಅಂತ.

ಅದು ಸುಳ್ಳು ಎಂದು ತಿಳಿದದ್ದು ರಿಟೈರ್ ಆದ ಮೇಲೆ, ಸಮಯ ಸಿಕ್ಕಿ ಓದಿದಾಗ. ಆ ಕಟ್ಟಡ ಥಾಮಸ್ ಬರ್ಗ್ ಎಂಬಾತನದು, 1712ರಲ್ಲಿ ಶುರುವಾಗಿ 1732ಕ್ಕೆ ಮುಗಿದದ್ದು. ಮೊದಲು ಸೂರು ಚಪ್ಪಟೆಯೇ ಇತ್ತು. 1801ರಲ್ಲಿ ಬ್ರಿಟನ್, ಐರ್ಲೆಂಡುಗಳಲ್ಲಿ ಅಚ್ಚಾಗುವ ಪ್ರತಿ ಪುಸ್ತಕದ ಒಂದು ಪ್ರತಿ ಪಡೆಯುವ ಹಕ್ಕು ಆ ಲೈಬ್ರರಿಗೆ ಸಿಕ್ಕಿತು. ಹಕ್ಕು ಅಂದರೆ ಹೊರೆಯೂ ಹೌದು. ಅರ್ಧ ಶತಮಾನದಲ್ಲಿ ಕಪಾಟುಗಳು ತುಂಬಿ ತುಳುಕಿದವು. 1860ರ ಹೊತ್ತಿಗೆ ಚಾವಣಿ ಕಿತ್ತು, ಎತ್ತರಿಸಿ, ಮೇಲೊಂದು ಸಾಲು ಕಪಾಟು ಕೂರಿಸಿ, ಈಗಿನ ಕಮಾನಿನ ಸೂರು ಹಾಕಿದರು. ಕೆಳ ಅಂತಸ್ತೂ ಹಾಗೆಯೇ. ಪುಸ್ತಕಕ್ಕೆ ನೆಲದ ಥಂಡಿ ತಾಕದಿರಲಿ ಅಂತ ಬರ್ಗ್ ಅದನ್ನು ಬರೀ ಕಮಾನುಗಳ ತೆರೆದ ಜಗಲಿಯಾಗಿ ಬಿಟ್ಟಿದ್ದ. ನಮ್ಮ ಕಡೆ ಕಣಜವನ್ನು ಕಲ್ಲಿನ ಕಾಲಿನ ಮೇಲೆ ಎತ್ತಿ ನಿಲ್ಲಿಸುತ್ತಾರಲ್ಲ, ಅದೇ ಉಪಾಯ. ಅದನ್ನೂ 1892ರಲ್ಲಿ ಗೋಡೆ ಕಟ್ಟಿ ಮುಚ್ಚಿದರು. ಪುಸ್ತಕ ಹೆಚ್ಚಾದವು, ಇನ್ನೇನು ಮಾಡುತ್ತಾರೆ.

ಅಂದರೆ ಮಾಲ್ಟನ್ ಕಂಡದ್ದನ್ನೇ ಬರೆದಿದ್ದ. ಮನೆ ಬದಲಾಯಿತು, ಚಿತ್ರ ಬದಲಾಗಲಿಲ್ಲ. ಅವನು ಡಬ್ಲಿನ್ನಿನ ದೊಡ್ಡ ವಾಸ್ತುಶಿಲ್ಪಿಯೊಬ್ಬನ ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದವನು, ಆ ಕೆಲಸ ಹೋದ ಮೇಲೆ ಈ ಚಿತ್ರಗಳಿಗೆ ಕೈಹಾಕಿದ. ಊರಿನ ಇಪ್ಪತ್ತೈದು ನೋಟಗಳು, 1792ರಿಂದ 1799ರ ತನಕ ಕಂತು ಕಂತಾಗಿ ಅಚ್ಚಾದವು. ಸರಿ ಬರೆದವನನ್ನು ನಾನು ತಪ್ಪು ಅಂದುಕೊಂಡಿದ್ದೆ. ತಪ್ಪು ಬರೆದ ನನ್ನ ನಕ್ಷೆ ಸರಿ ಅಂತ ಮೂವತ್ತು ವರ್ಷ ಬೀರುವಿನಲ್ಲಿ ಕೂತಿತ್ತು.

ಹಳೇ ಕಟ್ಟಡದ ನಕ್ಷೆ ಯಾರಿಗೆ ಬೇಕು ಅಂತ ಕೇಳುವವರಿದ್ದಾರೆ. ಮೈಸೂರಿನವರು ಕೇಳಬಾರದು. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷ ಬಿಟ್ಟು, ಅದೂ ಆಗಸ್ಟಿನಲ್ಲೇ, ದೇವರಾಜ ಮಾರುಕಟ್ಟೆಯ ಒಂದು ಮಗ್ಗುಲು ಬಿತ್ತು. ಉಳಿಸುವುದೋ ಕೆಡವುವುದೋ ಎಂಬ ಜಗಳ ಎಲ್ಲರಿಗೂ ಗೊತ್ತು, ಅದನ್ನು ಇಲ್ಲಿ ಎಳೆಯುವುದಿಲ್ಲ. ನನಗೆ ಅನ್ನಿಸುವುದು ಇಷ್ಟು. ಬಿದ್ದ ಮಾರನೇ ದಿನ ಗೋಡೆ ಹೇಗಿತ್ತು, ತೊಲೆ ಎಷ್ಟು ದಪ್ಪವಿತ್ತು ಎಂದು ನೋಡಬೇಕಾದವರಿಗೆ ಗೋಡೆ ಇರುವುದಿಲ್ಲ, ಕಾಗದ ಇರುತ್ತದೆ. ಆ ಕಾಗದದಲ್ಲಿ ನನ್ನಂಥವನೊಬ್ಬ ಸೋಮವಾರದ ಬಿಲ್ಲಿಗಾಗಿ ಎಲ್ಲವನ್ನೂ ನೆಟ್ಟಗೆ ಮಾಡಿಟ್ಟಿದ್ದರೆ?

(ಈಗಿನ ಮಕ್ಕಳಿಗೆ ಬ್ಲೇಡು ಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಆಟೋಕ್ಯಾಡ್‌ನಲ್ಲಿ ಎಫ್8 ಒತ್ತಿದರೆ ಸಾಕು, ಗೆರೆಗಳೆಲ್ಲ ತಾವಾಗಿ ಅಡ್ಡ ಇಲ್ಲವೇ ಉದ್ದ ನಿಲ್ಲುತ್ತವೆ. ಯಾವ ಸಾಹೇಬರೂ ಬಂದು ಹೇಳಬೇಕಾಗಿಲ್ಲ. ಮಬ್ಬೂ ಉಳಿಯುವುದಿಲ್ಲ.)

ಭಾನುವಾರದ ಫುಟ್‌ಪಾತು

ಒಂದು ವರ್ಷದಿಂದ ನನಗೊಂದು ಹುಚ್ಚು ಹತ್ತಿದೆ. ಭಾನುವಾರ ಬೆಳಿಗ್ಗೆ ಮಡಚುವ ಸ್ಟೂಲು, ರಟ್ಟಿನ ಹಲಗೆ, ಎರಡು ಎಚ್‌ಬಿ ಒಂದು ಟುಬಿ ಪೆನ್ಸಿಲ್ಲು, ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಕೃಷ್ಣರಾಜ ಬುಲೆವಾರ್ಡಿಗೆ ಹೋಗಿ ಪ್ರಾಚ್ಯವಿದ್ಯಾ ಸಂಶೋಧನಾಲಯದ ಎದುರು ಕೂರುತ್ತೇನೆ. ಅಳತೆ ಇಲ್ಲ, ಟೇಪಿಲ್ಲ. ಕೈ ಚಾಚಿ ಪೆನ್ಸಿಲ್ಲಿನ ಮೇಲೆ ಹೆಬ್ಬೆರಳು ಜಾರಿಸಿ ಕಂಬಕ್ಕೂ ಕಂಬಕ್ಕೂ ನಡುವಿನ ದೂರ ಹಿಡಿಯುವುದು, ಚಿತ್ರಕಲೆಯ ಮೇಷ್ಟ್ರು ಮಿಡ್ಲ್‌ಸ್ಕೂಲಿನಲ್ಲಿ ಹೇಳಿಕೊಟ್ಟ ಹಾಗೆ. ಒಂದು ಮೂಲೆಗೇ ಎರಡು ತಿಂಗಳಾಯಿತು. ಗಾರೆಯ ಅಲಂಕಾರದ ಒಂದು ಸುರುಳಿ ಇನ್ನೊಂದರ ಹಾಗಿರುವುದಿಲ್ಲ, ಕೈಯಲ್ಲಿ ಮಾಡಿದ್ದು. ಒಂದನ್ನು ಬರೆದು ಉಳಿದದ್ದಕ್ಕೆ ಅದನ್ನೇ ನಕಲು ಹೊಡೆಯೋಣ ಅನ್ನಿಸುತ್ತದೆ. ಹೊಡೆಯುವುದಿಲ್ಲ ಅಂತ ಹಟ ಮಾಡಿಕೊಂಡಿದ್ದೇನೆ.

ಆ ಕಟ್ಟಡವನ್ನೇ ಯಾಕೆ ಆರಿಸಿಕೊಂಡೆ ಅಂದರೆ, ಅಲ್ಲಿ ಒಳಗಿರುವವರು ಮಾಡುತ್ತ ಬಂದದ್ದೂ ಇದೇ ಕೆಲಸ: ನೋಡಿ ಬರೆಯುವುದು. 1887ರಲ್ಲಿ ವಿಕ್ಟೋರಿಯಾ ರಾಣಿಯ ಐವತ್ತು ವರ್ಷದ ಆಳ್ವಿಕೆಯ ನೆನಪಿನ ಜ್ಯೂಬಿಲಿ ಕಟ್ಟಡ. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1891ರಲ್ಲಿ, ಓರಿಯಂಟಲ್ ಲೈಬ್ರರಿ ಶುರುವಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಅದರ ಮಡಿಲಿಗೆ ಬಂತು, 1943ರಲ್ಲಿ ಈಗಿನ ಹೆಸರು. ಅಲ್ಲಿ ಲೈಬ್ರರಿಯನ್ ಆಗಿದ್ದ ಶಾಮಶಾಸ್ತ್ರಿಗಳ ಕತೆ ಮೈಸೂರಿನ ಮಕ್ಕಳಿಗೆಲ್ಲ ಗೊತ್ತು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ತಂದುಕೊಟ್ಟ, ಗ್ರಂಥ ಲಿಪಿಯ ಓಲೆಗರಿಯ ಕಟ್ಟು. 1905ರಲ್ಲಿ ಅದು ಕೌಟಿಲ್ಯನ ಅರ್ಥಶಾಸ್ತ್ರ ಎಂದು ಅವರು ಗುರುತಿಸಿದ್ದು. 1909ರಲ್ಲಿ ಮೂಲ ಅಚ್ಚು, 1915ರಲ್ಲಿ ಇಂಗ್ಲಿಷ್ ಅನುವಾದ. ಎಲ್ಲರೂ ಶಾಸ್ತ್ರಿಗಳನ್ನು ನೆನೆಯುತ್ತಾರೆ, ನೆನೆಯಬೇಕಾದ್ದೇ. ನನ್ನ ತಲೆಯಲ್ಲಿ ಕೊರೆಯುವುದು ಆ ಓಲೆಯ ಮೇಲೆ ಕಂಟ ಹಿಡಿದು ಗೀಚಿದವನ ವಿಷಯ. ಅವನ ಕೈಯಲ್ಲಿ ಒಂದು ಹಳೇ ಪ್ರತಿ ಇತ್ತು, ಅದನ್ನು ಬರೆದವನ ಕೈಯಲ್ಲಿ ಅದಕ್ಕಿಂತ ಹಳೆಯದು. ಹೆಚ್ಚುಕಮ್ಮಿ ಎರಡು ಸಾವಿರ ವರ್ಷ ಹೀಗೆ ಹೆಸರಿಲ್ಲದ ಡ್ರಾಫ್ಟ್ಸ್‌ಮನ್‌ಗಳು ಒಬ್ಬರಿಂದ ಒಬ್ಬರಿಗೆ ದಾಟಿಸಿದ್ದಾರೆ. ನಡುವೆ ಎಲ್ಲೋ ಒಬ್ಬ, ಇದೇನು ಅರ್ಥವಾಗುತ್ತಿಲ್ಲ, ನೆಟ್ಟಗೆ ಮಾಡಿಬಿಡೋಣ ಅಂದುಕೊಂಡು ಒಂದು ಪದ ತಿದ್ದಿದ್ದರೆ, ಹಿಡಿಯುವುದು ಹೇಗೆ? ತಪ್ಪು ಬರೆದವನನ್ನು ವಿದ್ವಾಂಸರು ಹಿಡಿದುಬಿಡುತ್ತಾರೆ, ಅವನ ತಪ್ಪು ತಪ್ಪಿನ ಹಾಗೇ ಕಾಣುತ್ತದೆ. ಸರಿ ಮಾಡಿದವನನ್ನು ಹಿಡಿಯುವುದೇ ಕಷ್ಟ.

ಹಳೆಯ ಲಿಪಿಕಾರರು ಗ್ರಂಥದ ಕೊನೆಗೆ ಬರೆಯುತ್ತಿದ್ದ ಒಂದು ಶ್ಲೋಕವನ್ನು ಪರಿಚಯದ ಸಂಸ್ಕೃತ ಮೇಷ್ಟ್ರೊಬ್ಬರು ಹೇಳಿದರು: 'ಯಾದೃಶಂ ಪುಸ್ತಕಂ ದೃಷ್ಟ್ವಾ ತಾದೃಶಂ ಲಿಖಿತಂ ಮಯಾ'. ಪುಸ್ತಕ ಹೇಗೆ ಕಂಡಿತೋ ಹಾಗೆ ಬರೆದಿದ್ದೇನೆ. ಶುದ್ಧವೋ ಅಶುದ್ಧವೋ, ದೋಷ ನನ್ನದಲ್ಲ. ಮೊದಲು ಕೇಳಿದಾಗ ಇದು ಜಾರಿಕೊಳ್ಳುವ ಮಾತು ಅನ್ನಿಸಿತ್ತು, ಸರ್ಕಾರಿ ಕಚೇರಿಯ ಮಾತಿನ ಹಾಗೆ. ಈಗ ಹಾಗನ್ನಿಸುವುದಿಲ್ಲ. ಆ ಮಾತು ಹೇಳಬೇಕಾದರೆ ಕಂಡ ಹಾಗೇ ಬರೆದಿರಬೇಕು. ನನ್ನ 1994ರ ನಕ್ಷೆಯ ಕೆಳಗೆ ಅದನ್ನು ಬರೆಯಲು ನನಗೆ ಯೋಗ್ಯತೆ ಇಲ್ಲ. ಇನ್ನೊಂದು ಶ್ಲೋಕವೂ ಇದೆ, ಬೆನ್ನು ಸೊಂಟ ಕತ್ತು ಮುರಿದು, ದೃಷ್ಟಿ ಕೀಲಿಸಿ, ತಲೆ ತಗ್ಗಿಸಿ ಕಷ್ಟಪಟ್ಟು ಬರೆದ ಗ್ರಂಥ ಇದು, ಜೋಪಾನ ಮಾಡಿ ಅಂತ. ಅದನ್ನು ಮಾತ್ರ ನಮ್ಮ ಕಾಲದ ಯಾವ ಡ್ರಾಫ್ಟ್ಸ್‌ಮನ್ ಬೇಕಾದರೂ ಬರೆಯಬಹುದಿತ್ತು. ನನ್ನ ಕತ್ತಿನ ಎಕ್ಸ್‌ರೇ ತೋರಿಸಬಲ್ಲೆ.

ಎಳನೀರಿನವನೊಬ್ಬ ಭಾನುವಾರ ಭಾನುವಾರ ನನ್ನ ಚಿತ್ರವನ್ನು ಪರೀಕ್ಷೆ ಮಾಡುತ್ತಾನೆ. "ಆ ಕೇಬಲ್ ವೈರು ಯಾಕ್ ಸಾರ್ ಬರೆದ್ರಿ? ಬಿಟ್ಟಿದ್ರೆ ಅರಮನೆ ಥರ ಕಾಣೋದು." ರಸ್ತೆಯ ಕಂಬದಿಂದ ಕಂಬಕ್ಕೆ ಹೋಗುವ ವೈರು, ನಾನು ಕೂತ ಜಾಗದಿಂದ ನೋಡಿದರೆ ಕಟ್ಟಡದ ಎದೆಯ ಮೇಲೆ ಅಡ್ಡ ಹಾಯುತ್ತದೆ. ಸ್ಟೂಲನ್ನು ನಾಲ್ಕಡಿ ಸರಿಸಿದರೆ ಕಾಣುವುದಿಲ್ಲವೇನೋ. ಹೇಳಿದವನೂ ಒಳ್ಳೆಯದಕ್ಕೇ ಹೇಳಿದ್ದು. "ಇದೆಯಲ್ಲಪ್ಪ" ಅಂದೆ. ಅವನು ಮೇಲೆ ನೋಡಿ, ವೈರು ನೋಡಿ, ನನ್ನ ಕಡೆ ನೋಡಿ, ಕಾಯಿ ಕೆತ್ತಲು ಹೋದ.

ಏಣಿ ಇಲ್ಲದೆ

ಹಳೇ ಟ್ರಂಕಿನಲ್ಲಿ ಫೀಲ್ಡ್ ಬುಕ್ ಸಿಕ್ಕಿತು. ಬೆಳ್ಳಿಮೀನು ಹುಳ ರಟ್ಟಿನ ಅಂಚು ತಿಂದಿತ್ತು, ಒಳಗೆ ಪೆನ್ಸಿಲ್ಲಿನ ಬರಹ ಹಾಗೇ ಇತ್ತು. ಇಂಕಿಗಿಂತ ಪೆನ್ಸಿಲ್ ಗಟ್ಟಿ ನೋಡಿ. ಕೋಣೆಯ ಕೈಚಿತ್ರ, ಅದರ ಮೇಲೆ ಎರಡು ಅಡ್ಡಗೆರೆ, 71'3", 70'10". ಪಕ್ಕದಲ್ಲಿ ಸಣ್ಣಗೆ 'ಮೂರು ಸಲ ನೋಡಿದೆ' ಅಂತ ಬರೆದುಕೊಂಡಿದ್ದೇನೆ. ಮೀಟರಿಗೆ ತಿರುಗಿಸಿದೆ: 21.717, 21.590. ಲೇಸರಿಗೂ ನನ್ನ ಜೋತುಬಿದ್ದ ಬಟ್ಟೆ ಟೇಪಿಗೂ ಒಂದು ಸೆಂಟಿಮೀಟರ್ ವ್ಯತ್ಯಾಸವೂ ಇಲ್ಲ. ಕಾಗದವನ್ನು ಮನೆಯವಳ ಮುಂದೆ ಹಿಡಿದೆ. "ಇದಕ್ಕೇನು ಈಗ ಪ್ರೈಜು ಕೊಡ್ತಾರಾ?" ಅಂದಳು.

ಶನಿವಾರ ತಮ್ಮನ ಮಗಳ ಜೊತೆ ನಾನೂ ಹೋದೆ. ಮೂವತ್ತು ವರ್ಷದ ಮೇಲೆ ಆ ಹಾಲಿಗೆ ಕಾಲಿಟ್ಟದ್ದು. ಮರದ ರ‍್ಯಾಕು ಹೋಗಿ ಕಬ್ಬಿಣದ್ದು ಬಂದಿದೆ. ನಡುವೆ ಯಾವಾಗಲೋ ಅವನ್ನು ಕೂರಿಸಿದವರು ನಕ್ಷೆ ನೋಡಿಕೊಂಡೇ ಕೂರಿಸಿರಬೇಕು: ಸಾಲುಗಳೆಲ್ಲ ಅಚ್ಚುಕಟ್ಟಾಗಿ ಮೂಲೆಮಟ್ಟ, ಗೋಡೆ ಮಾತ್ರ ಅವುಗಳಿಂದ ಮೆಲ್ಲಗೆ ದೂರ ಸರಿಯುತ್ತ ಹೋಗಿದೆ. ಕೊನೆಯ ಸಾಲು ಒಂದು ತುದಿಯಲ್ಲಿ ಗೋಡೆಗೆ ತಾಗಿದೆ, ಇನ್ನೊಂದು ತುದಿಯಲ್ಲಿ ಕೈ ತೂರುವಷ್ಟು ಸಂದು. ಅವಳು ಮೊಬೈಲಿನ ಬೆಳಕು ಬಿಟ್ಟು ನೋಡಿ ಕೈ ಹಾಕಿದಳು. ಎರಡು ಬಾಲ್‌ಪೆನ್ನು, ಒಂದು ಬಾಚಣಿಗೆ, ಬೆನ್ನು ಮೇಲಾಗಿ ಬಿದ್ದ ತೆಳ್ಳನೆಯ ಒಂದು ಪುಸ್ತಕ. ಕೊನೆಯ ಪುಟದ ಚೀಟಿಯಲ್ಲಿ ಮುದ್ರೆ ಹೊಡೆದ ದಿನಾಂಕಗಳ ಸಾಲು ಅರ್ಧಕ್ಕೇ ನಿಂತಿತ್ತು. ಅಟೆಂಡರಿಗೆ ಕೊಟ್ಟೆವು. "ಇದು ಕಳೆದುಹೋಗಿದೆ ಅಂತ ಯಾರಿಗೋ ದಂಡ ಹಾಕಿರ್ತಾರೆ ಸಾರ್" ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ.

ಆಗ ಅವಳಿಗೆ ಎಲ್ಲ ಹೇಳಿದೆ. ಬ್ಲೇಡು, ಬಿಲ್ಲು, ಮಬ್ಬು. ಬೈಯುತ್ತಾಳೇನೋ ಅಂದುಕೊಂಡಿದ್ದೆ. ಅವಳು ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ಮಬ್ಬನ್ನೇ ನೋಡುತ್ತಿದ್ದಳು. "ಅಂದ್ರೆ ಮೊದಲಿನ ಗೆರೆ ಎಲ್ಲಿತ್ತು ಅಂತ ಇದರಿಂದ ಹೇಳಬಹುದು ಅಲ್ವಾ?" ಅಂದಳು. ಸ್ಕೇಲು ತೆಗೆದು ಮಬ್ಬಿನ ಅಗಲ ಅಳೆಯಲು ಶುರು ಮಾಡಿದಳು.

ಒಳಗಿನದು ಮುಗಿದ ಮೇಲೆ ಹೊರಗಿನ ಗೋಡೆ. ಹನ್ನೊಂದೂವರೆ ಗಂಟೆ, ನೆತ್ತಿ ಸುಡುವ ಬಿಸಿಲು. ಲೇಸರಿನ ಕೆಂಪು ಚುಕ್ಕಿ ಬಿಸಿಲಲ್ಲಿ ಕಾಣುವುದಿಲ್ಲ, ಮಕ್ಕಳು ಕೈಬೋರ್ಡು ಹಿಡಿದು ಹುಡುಕಿ ಹುಡುಕಿ ಸೋತರು. ನನ್ನ ಚೀಲದಲ್ಲಿ ಹಳೇ ಬಟ್ಟೆ ಟೇಪಿತ್ತು. ಸೊನ್ನೆಯ ತುದಿ ನಾನು ಹಿಡಿದುಕೊಂಡೆ, ಸುರುಳಿ ಬಿಚ್ಚುತ್ತ ಅವಳು ಆ ಮೂಲೆಗೆ ಹೋದಳು. ಅವಳ ಗೆಳತಿ ಪುಸ್ತಕದಲ್ಲಿ ಬರೆದುಕೊಳ್ಳುವ ತನಕ ಅಲ್ಲಾಡದೆ ನಿಂತಿರಬೇಕು. ಒಂದು ಅಳತೆ, ಎರಡು ಅಳತೆ, ಮತ್ತೆ ಮೊದಲನೆಯದೇ ಇನ್ನೊಂದು ಸಲ. ನನ್ನ ಎಡಕ್ಕೆ ಎರಡು ಹೆಜ್ಜೆ ದೂರದಲ್ಲಿ ಬೇವಿನ ಮರದ ನೆರಳಿತ್ತು.

"ದೊಡ್ಡಪ್ಪಾ" ಅಂತ ಆ ತುದಿಯಿಂದ ಕೂಗಿದಳು. "ಸರೀಬೇಡಿ, ಅಲ್ಲೇ ನಿಂತ್ಕೊಳಿ!"